ಕಂಬಳಿಯಾಚೆಯ ನಡುಬೆರಳು

ಹಿರಿಯೂರಿನಲ್ಲಿ ಹರಿಯಬ್ಬೆ ಕಡೆಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ಹೊರಗೆ ಜಿಟಿಜಿಟಿ ಮಳೆ. ಮುಂದಿನ ಸೀಟಿಗೆ ಬಂದ ಕುರಿ ಕಾಯುವ ಹಿರಿಯರೊಬ್ಬರು ನೆನೆದ ಕರಿಕಂಬಳಿಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡರು. ಒದ್ದೆ ಉಣ್ಣೆಯ ವಾಸನೆ ಬಸ್ಸಿನ ತುಂಬ ಹರಡಿತು. ಪಕ್ಕದಲ್ಲಿದ್ದವರು ಮೂಗಿಗೆ ಕರವಸ್ತ್ರ ಹಿಡಿದರು. ನನಗೆ ಮಾತ್ರ ಆ ವಾಸನೆಯ ಹಿಂದೆಯೇ ಗಿಟಾರಿನ ಸದ್ದು ಬಂತು. ಮೇಲಿಂದ ಕೆಳಕ್ಕೆ ಒಂದೇ ಉಸಿರಿನಲ್ಲಿ ಇಳಿದ ಒಂದು ಸ್ವರಸಾಲು. ಕಂಬಳಿಯ ವಾಸನೆಗೆ ಸ್ಪೇನೂ ಬ್ರೆಜಿಲ್ಲೂ ನೆನಪಾಗುವ ಮನುಷ್ಯ ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

ಪ್ರಾಯೋಗಿಕ ಪರೀಕ್ಷೆಯ ಕೆಲಸಕ್ಕೆಂದು ಚಿತ್ರದುರ್ಗಕ್ಕೆ ಬಂದಿದ್ದವನಿಗೆ ಒಂದು ದಿನ ಬಿಡುವು ಸಿಕ್ಕಿತ್ತು. ಹರಿಯಬ್ಬೆಯ ಗಿಟಾರ್ ಗೆಳೆಯ ತಿಪ್ಪೇಶನನ್ನು ನೋಡಿ ವರ್ಷಗಳೇ ಆಗಿದ್ದವು. ಫೋನ್ ಮಾಡಿದರೆ, ಬರ್ರಿ ಸರ್, ಅವ್ವ ನಿಮ್ಮನ್ನ ಕೇಳ್ತಾನೇ ಇರ್ತಾಳೆ ಅಂದ. ಹೋಗಿ ಬಂದೆ. ಬಂದು ವಾರಗಳಾದರೂ ಆ ಭೇಟಿ ತಲೆಯಿಂದ ಇಳಿದಿಲ್ಲ. ಅವನ ಜೊತೆ ಕಳೆದ ಆ ಒಂದು ವರ್ಷವನ್ನು ಇಷ್ಟು ದಿನ ಹೇಗೆ ನೆನಪಿಟ್ಟುಕೊಂಡಿದ್ದೆನೋ ಹಾಗೆಯೇ ಮೊದಲು ಬರೆದುಬಿಡುತ್ತೇನೆ. ತಿದ್ದುವುದು ಆಮೇಲೆ.

ಆಗ ನಾನು ಹೊಳಲ್ಕೆರೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರಕ್ಕೆ ಅತಿಥಿ ಉಪನ್ಯಾಸಕ. ವಿಶ್ವವಿದ್ಯಾಲಯದಲ್ಲಿ ಶಬ್ದದ ಮೇಲೆ ಸಂಶೋಧನೆ ಶುರು ಮಾಡಿ, ಮಾರ್ಗದರ್ಶಕರ ಜೊತೆ ಜಗಳವಾಡಿ, ಅರ್ಧಕ್ಕೆ ಬಿಟ್ಟು ಬಂದಿದ್ದೆ. ಯಾರು ಏನು ಹೇಳಿದರೂ 'ಅದು ನಿಮಗೆ ಹೇಗೆ ಗೊತ್ತು' ಎಂದು ಕೇಳುವ ಚಟವಿತ್ತು. ರಾಮಗಿರಿಯಿಂದ ಬರುವ ಹುಡುಗರು ರೈಲು ತಡವಾಯಿತು ಸರ್ ಅಂದರೆ, ಸ್ಟೇಷನ್ನಿಗೆ ಫೋನ್ ಮಾಡಿ ವಿಚಾರಿಸುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಸಾಮಾನ್ಯವಾಗಿ ಖಾಲಿ ಇರುತ್ತಿತ್ತು.

ನನ್ನ ರೂಮಿನ ಎದುರಿಗೆ ಗೊಬ್ಬರದ ಅಂಗಡಿ. ಅದರ ಮಹಡಿಯ ಮೇಲೆ ಭಾನುವಾರ ಗಿಟಾರ್ ಕ್ಲಾಸು. ನಡೆಸುತ್ತಿದ್ದವನು ತಿಪ್ಪೇಶ. ವಾರದ ಉಳಿದ ದಿನಗಳನ್ನು ಚಿತ್ರದುರ್ಗಕ್ಕೂ ಹೊಸದುರ್ಗಕ್ಕೂ ಹಂಚಿಕೊಂಡಿದ್ದ. ಕ್ಲಾಸಿಗೆ ಬರುವ ಮಕ್ಕಳಿಗೆ ಬೇಕಾಗಿದ್ದದ್ದು ಶಾಲೆಯ ವಾರ್ಷಿಕೋತ್ಸವಕ್ಕೆ ಒಂದು ಸಿನಿಮಾ ಹಾಡು. ಅವರನ್ನೆಲ್ಲ ಕಳಿಸಿದ ಮೇಲೆ ಅವನು ತನಗಾಗಿ ನುಡಿಸುತ್ತಿದ್ದ. ಗೊಬ್ಬರದ ಮೂಟೆಗಳ ವಾಸನೆಯ ನಡುವೆ ಅದನ್ನು ಮೊದಲ ಸಲ ಕೇಳಿದಾಗ ನಾನು ಚಪ್ಪಲಿ ಹಾಕಿಕೊಳ್ಳದೆ ರಸ್ತೆ ದಾಟಿ ಮೆಟ್ಟಿಲು ಹತ್ತಿದ್ದೆ. ಅಷ್ಟು ವೇಗವಾಗಿ ಮನುಷ್ಯನ ಬೆರಳು ಓಡುತ್ತದೆ ಎಂದು ನಂಬಲಾಗಲಿಲ್ಲ. ಯಾವುದೋ ರೆಕಾರ್ಡಿಂಗ್ ಹಾಕಿಕೊಂಡು ಬೆರಳಾಡಿಸುತ್ತಿದ್ದಾನೆ ಎಂದುಕೊಂಡು ಸ್ಪೀಕರಿಗಾಗಿ ಸುತ್ತ ನೋಡಿದೆ. ಅವನು ನಕ್ಕು, ಗಿಟಾರ್ ಅಲ್ಲಾಡಿಸಿ, ಒಳಗೆ ಯಾರೂ ಇಲ್ಲ ಸರ್ ಅಂದ.

ಅದು ಸ್ಪೇನಿನ ಫ್ಲಮೆಂಕೊ ಶೈಲಿ. ಬಲಗೈಯ ತೋರುಬೆರಳು, ನಡುಬೆರಳು ಎರಡೇ ಒಂದಾದ ಮೇಲೊಂದರಂತೆ ತಂತಿಯನ್ನು ಮೀಟುತ್ತವೆ. ಮೀಟಿದ ಬೆರಳು ಗಾಳಿಗೆ ಹಾರುವುದಿಲ್ಲ, ಮೇಲಿನ ತಂತಿಗೆ ಒರಗಿ ನಿಲ್ಲುತ್ತದೆ. ಅದು ನಿಲ್ಲುವಷ್ಟರಲ್ಲಿ ಇನ್ನೊಂದು ಬೆರಳು ಹೊಡೆದಾಗಿರುತ್ತದೆ. ಕೈ ಇರುವುದು ತಂತಿಗಳ ಬುಡದಲ್ಲಿ, ವೀಣೆಯವರು ಕುದುರೆ ಎನ್ನುವ ಪಟ್ಟಿಯ ಹತ್ತಿರ. ಅಲ್ಲಿ ತಂತಿ ಬಿಗಿ, ನಾದ ಒಣಕಲು, ಪ್ರತಿ ಸ್ವರಕ್ಕೂ ಒಂದು ಅಂಚು. ಬ್ರೆಜಿಲ್‌ನವರ ರೀತಿಯೇ ಬೇರೆ. ಕೈ ಗಿಟಾರಿನ ಬಾಯಿಯ ಮೇಲೆ, ನಡುವಿನ ದುಂಡು ತೂತಿನ ಹತ್ತಿರ ಬರುತ್ತದೆ, ಹೆಬ್ಬೆರಳು ಎಲ್ಲದಕ್ಕೂ ಕೂಡಿಕೊಳ್ಳುತ್ತದೆ, ಉಗುರಿನ ಜೊತೆ ಬೆರಳಿನ ಮಾಂಸವೂ ತಂತಿಗೆ ತಾಗುತ್ತದೆ, ಮೀಟಿದ ಬೆರಳು ಎಲ್ಲಿಗೂ ಒರಗದೆ ಬಿಡುಬೀಸಾಗಿ ಹೊರಬರುತ್ತದೆ. ಸ್ವರಗಳು ದುಂಡಗಿದ್ದು ಒಂದರ ಮೇಲೊಂದು ಜಾರುತ್ತವೆ. ತಗಡಿನ ಮೇಲೆ ಹುರುಳಿ ಸುರಿದರೆ ಒಂದು ಸದ್ದು, ಮೊರದಿಂದ ರಾಗಿ ಜಾರಿದರೆ ಇನ್ನೊಂದು. ಆ ಹೋಲಿಕೆ ಅವನದೇ.

ತಿಪ್ಪೇಶನ ನಿಷ್ಠೆಯೆಲ್ಲ ಹುರುಳಿಗೆ, ಆ ಸ್ಪೇನಿನ ಸದ್ದಿಗೆ. ಅದಕ್ಕಾಗಿ ಬಲಗೈಯ ಉಗುರುಗಳನ್ನು ಉದ್ದ ಬಿಟ್ಟು, ಅಂಟು ಸವರಿ ಗಟ್ಟಿ ಮಾಡಿ, ದಿನಾ ಅರದಿಂದ ತಿದ್ದುತ್ತಿದ್ದ. ಬಿಸಿ ಸಾರು ತಾಗಿದರೆ ಅಂಟು ಬಿಡುತ್ತಿತ್ತು. ಹಾಗಾಗಿ ಅವನು ಮುದ್ದೆಯನ್ನು ಚಮಚದಲ್ಲಿ ತಿನ್ನುತ್ತಿದ್ದ. ಹೊಳಲ್ಕೆರೆಯ ಮೆಸ್ಸಿನಲ್ಲಿ ಅವನು ಚಮಚ ಕೇಳಿದ ದಿನ ಸಾಲಾಗಿ ಕೂತಿದ್ದ ತಲೆಗಳೆಲ್ಲ ತಿರುಗಿದವು. ಮೆಸ್ಸಿನ ಯಜಮಾನರು ಚಮಚ ತಂದುಕೊಟ್ಟು ಪಕ್ಕದಲ್ಲೇ ನಿಂತರು. "ಏನಪ್ಪ, ಮುದ್ದೆಗೆ ಚಮಚನಾ? ಆಸ್ಪತ್ರೆಯಿಂದ ಬಂದಿದೀಯೇನು?" ಅಂದರು. ತಿಪ್ಪೇಶ ತಲೆ ತಗ್ಗಿಸಿ ಮುದ್ದೆಯನ್ನು ಕೇಕಿನಂತೆ ಕತ್ತರಿಸಿದ.

ನನ್ನ ಕಿವಿಗೆ ಮೊದಲ ಏಟು ಬಿದ್ದದ್ದು ಆ ಮಳೆಗಾಲದಲ್ಲಿ. ಅವನು ಎರಡು ಧ್ವನಿಮುದ್ರಣ ಕೇಳಿಸಿದ, ಒಂದು ಸ್ಪೇನಿನವರದು, ಇನ್ನೊಂದು ಬ್ರೆಜಿಲ್‌ನವರದು. ಯಾವುದು ವೇಗ ಹೇಳ್ರಿ ಸರ್ ಅಂದ. ಯೋಚಿಸುವ ಅಗತ್ಯವೇ ಇರಲಿಲ್ಲ. ಸ್ಪೇನ್ ಅಂದೆ. ಇಬ್ಬರೂ ಕೂತು ಲ್ಯಾಪ್‌ಟಾಪಿನಲ್ಲಿ ಎರಡರ ಅಲೆಗಳನ್ನು ಹಿಗ್ಗಿಸಿ ಅಳೆದೆವು. ಬ್ರೆಜಿಲ್‌ನದೇ ಒಂದು ಕೂದಲೆಳೆ ಮುಂದಿತ್ತು. ತಪ್ಪಿರಬೇಕೆಂದು ಮತ್ತೆ ಅಳೆದೆ. ಮತ್ತೆ ಅದೇ. ಶಬ್ದವನ್ನೇ ಓದಿಕೊಂಡು ಬಂದವನ ಕಿವಿ, ಅಂಚು ಇರುವ ಸ್ವರಗಳನ್ನು ಎಣಿಸಿ ವೇಗ ಎಂದಿತ್ತು. ದುಂಡಗಿನ ಸ್ವರಗಳನ್ನು ಎಣಿಸಿಯೇ ಇರಲಿಲ್ಲ. ನಾದವನ್ನು ಕೇಳಿ ವೇಗವನ್ನು ತೀರ್ಮಾನಿಸಿಬಿಟ್ಟಿತ್ತು. ಆವತ್ತು ರೂಮಿಗೆ ಬಂದಾಗ, ಕಿವಿಯೇ ಹೀಗಾದರೆ ಇನ್ನು ಕಣ್ಣಿನ ಗತಿಯೇನು ಎಂದು ಅನ್ನಿಸಿತು.

ಚಿತ್ರದುರ್ಗದ ಆಚೀಚೆ ಈರುಳ್ಳಿ ಕೀಳುವ ಹೊತ್ತಿಗೆ ಅವನಿಗೆ ಪಣಜಿಯಿಂದ ಕರೆ ಬಂತು. ಅಲ್ಲೊಂದು ಗಿಟಾರ್ ಸಮಾವೇಶ. ಬೇಸಿಗೆಗೆ ಮುಂಚೆ. ದೊಡ್ಡ ವೇದಿಕೆಯ ಮೇಲೆ ಒಬ್ಬನೇ ಕೂತು ನುಡಿಸುವ ಅವಕಾಶ ಅವನಿಗೆ ಅದೇ ಮೊದಲು. ಮನೆಯವರ ಕುರಿ ವ್ಯಾಪಾರಕ್ಕೆ ಬರುವುದಿಲ್ಲ ಎಂದು ಹಟ ಹಿಡಿದು ಗಿಟಾರ್ ಹೊತ್ತು ತಿರುಗಿದವನು. ಪಣಜಿಯಲ್ಲಿ ನಿಂತರೆ ಆ ಹಟಕ್ಕೊಂದು ಉತ್ತರ ಸಿಗುತ್ತಿತ್ತು. ಅಭ್ಯಾಸ ಬೆಳಿಗ್ಗೆ ಸಂಜೆ ಎನ್ನದೆ ನಡೆಯಿತು.

ಒಂದು ಭಾನುವಾರ ಸ್ವರಸಾಲು ನಡುವೆ ನಿಂತುಹೋಯಿತು. ಮತ್ತೆ ಶುರು ಮಾಡಿದ, ಮತ್ತೆ ಅಲ್ಲೇ ನಿಂತಿತು. ಸರ್, ಇಲ್ಲಿ ನೋಡ್ರಿ ಎಂದು ಮೆತ್ತಗೆ ಕರೆದ. ತಂತಿಯ ಮೇಲೆ ಕೈ ಇಟ್ಟು ಓಟ ಶುರು ಮಾಡಿದ ತಕ್ಷಣ ಅವನ ನಡುಬೆರಳು ತಾನಾಗಿ ಅಂಗೈಯೊಳಕ್ಕೆ ಮಡಚಿಕೊಂಡಿತು. ಬಿಚ್ಚಿದರೆ ಬಿಚ್ಚಿಕೊಳ್ಳುತ್ತಿತ್ತು. ಕೈಯನ್ನು ತಂತಿಯಿಂದ ತೆಗೆದರೆ ನೆಟ್ಟಗಿರುತ್ತಿತ್ತು. ಪೆನ್ನು ಹಿಡಿದರೂ, ಬೈಕಿನ ಬ್ರೇಕ್ ಒತ್ತಿದರೂ ಏನೂ ಇಲ್ಲ. ತಂತಿಗೆ ತಾಗಿ ಓಡಬೇಕೆಂದ ಕೂಡಲೇ ಚೇಳಿನ ಕೊಂಡಿಯಂತೆ ಒಳಗೆ ಹೋಗುತ್ತಿತ್ತು. ನೋವಿಲ್ಲ ಅಂದ. ನೋವಿದ್ದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ದಾವಣಗೆರೆಯ ನರರೋಗದ ವೈದ್ಯರು ಅದಕ್ಕೊಂದು ಹೆಸರು ಹೇಳಿದರು. ಮಿದುಳಿನಲ್ಲಿ ಒಂದೊಂದು ಬೆರಳಿಗೆ ಒಂದೊಂದು ಜಾಗವಿದೆಯಂತೆ. ಒಂದೇ ಚಲನೆಯನ್ನು ವರ್ಷಗಟ್ಟಲೆ ತಿದ್ದಿದರೆ ಕೆಲವರಲ್ಲಿ ಎರಡು ಬೆರಳಿನ ಜಾಗಗಳ ನಡುವಿನ ಗೆರೆ ಅಳಿಸಿಹೋಗುತ್ತದಂತೆ. ಖಚಿತವಾದ ಮದ್ದು ಇಲ್ಲ, ನುಡಿಸುವುದನ್ನು ನಿಲ್ಲಿಸಿ ನೋಡೋಣ ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ತಿಪ್ಪೇಶ ಎಡಗೈಯಿಂದ ಬಲಗೈಯನ್ನು ಯಾರದ್ದೋ ವಸ್ತುವಿನಂತೆ ಹಿಡಿದುಕೊಂಡು ಕೂತಿದ್ದ.

ಅವನ ತಾಯಿ ಕೆಂಚಮ್ಮನವರನ್ನು ನಾನು ಕಂಡದ್ದು ಮಾರನೆಯ ವಾರ, ಹರಿಯಬ್ಬೆಯ ಅವರ ಮನೆಯ ಜಗಲಿಯಲ್ಲಿ. ವೈದ್ಯರು ಹೇಳಿದ್ದನ್ನು ನಾನು ಬಿಡಿಸಿ ಹೇಳಿದೆ. ಅವರು ಗಮನವಿಟ್ಟು ಕೇಳಿದರು. ಕೊನೆಗೆ ಮಗನ ಕೈಯನ್ನು ಎಳೆದು ತಮ್ಮ ತೊಡೆಯ ಮೇಲಿಟ್ಟುಕೊಂಡರು.

"ಈ ಕೈಗೆ ಅನ್ನ ಮುಟ್ಟಿಸದೆ ಎಷ್ಟು ವರ್ಷ ಆಯ್ತಲೇ ತಿಪ್ಪ? ಚಮಚ ಹಿಡ್ಕಂಡು ತಿಂದ್ಯಲ್ಲ, ಕೈ ಮುನಿಸ್ಕಂಡೈತೆ. ಇನ್ನೇನಿಲ್ಲ."

ಸೊಂಟದ ಚೀಲದಿಂದ ಅಡಿಕೆ ಕತ್ತರಿ ತೆಗೆದು ಉಗುರು ಕತ್ತರಿಸತೊಡಗಿದರು. ನಾನು ಬೆಚ್ಚಿಬಿದ್ದೆ. ಆ ಉಗುರುಗಳಿಗಾಗಿ ಅವನು ಬಟ್ಟೆ ಒಗೆದಿರಲಿಲ್ಲ, ಕ್ರಿಕೆಟ್ ಆಡಿರಲಿಲ್ಲ, ಅಣ್ಣನ ಮದುವೆಯಲ್ಲಿ ಬಡಿಸುವುದಕ್ಕೆ ನಿಂತಿರಲಿಲ್ಲ. ಬೇಡ ಎಂದು ಹೇಳಲು ನಾನು ಬಾಯಿ ತೆರೆದರೆ, ಅವನೇ ಕಣ್ಣಿನಲ್ಲಿ ತಡೆದ. ಹೆಬ್ಬೆರಳಿನ ಸರದಿ ಬಂದಾಗ ಮಾತ್ರ, ಅದೊಂದು ಬಿಡವ್ವ ಎಂದು ಕೇಳಿಕೊಂಡ. ಅದನ್ನು ಬಿಟ್ಟರು. ಒಳಗಿನಿಂದ ಮುದ್ದೆಯೂ ಅವರೆಕಾಳಿನ ಸಾರೂ ಬಂದವು. ತಿಪ್ಪೇಶ ಬರಿಗೈಯಲ್ಲಿ ಮುರಿದು ಅದ್ದಿ ನುಂಗಿದ. ನಡುಬೆರಳು ನೆಟ್ಟಗೆ ಕೆಲಸ ಮಾಡುತ್ತಿತ್ತು. ನೋಡಿದ್ರಾ ಎಂದು ಕೆಂಚಮ್ಮ ನನ್ನ ಕಡೆ ತಿರುಗಿದರು. ಗಿಟಾರ್ ಒಂದನ್ನು ಬಿಟ್ಟು ಎಲ್ಲದಕ್ಕೂ ಅದು ಮೊದಲಿಂದಲೂ ನೆಟ್ಟಗೇ ಇದೆ ಅಮ್ಮ ಎಂದು ತಿಳಿಸಲು ಹೋದೆ. "ಅಂಗಾದ್ರೆ ಗಿಟಾರಿಗೇ ತೋರಿಸ್ಬೇಕಿತ್ತು ಡಾಕ್ಟರನ್ನ" ಅಂದರು. ತಿಪ್ಪೇಶ ಎಷ್ಟೋ ದಿನದ ಮೇಲೆ ನಕ್ಕ.

ಅಲ್ಲಿಂದ ಮುಂದೆ ಕೆಲವು ವಾರ ಅವನು ನನ್ನನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಭಾನುವಾರ ಮಕ್ಕಳಿಗೆ ಪಾಠ ಮಾಡಿ ಬಸ್ಸು ಹತ್ತಿಬಿಡುತ್ತಿದ್ದ. ಸಂಕ್ರಾಂತಿಗೆ ಮುಂಚೆ ಹರಿಯಬ್ಬೆಯ ಮನೆಗೆ ಕರೆದ. ಕೈ ಸರಿಹೋಗಿದೆ ಎಂದು ಅವ್ವ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ, ನೀವೂ ಬಂದು ಕೇಳ್ರಿ ಅಂದ. ಮುದ್ದೆಯಿಂದ ಮಿದುಳಿನ ಗೆರೆ ಸರಿಹೋಗುವುದೆಂದರೆ ನಾನು ಸುಮ್ಮನಿರುವವನಲ್ಲ. ಪರೀಕ್ಷೆ ಮಾಡುತ್ತೇನೆ ಎಂದೆ. ಅವನ ಮುಖ, ಕೈ, ಅವನ ಅವ್ವನ ಸಂಭ್ರಮ ಯಾವುದೂ ನನ್ನ ತೀರ್ಮಾನವನ್ನು ಎಳೆಯಬಾರದು. ಆದ್ದರಿಂದ ನಡುವೆ ಒಂದು ಪರದೆ ಬೇಕು.

ಪರದೆಗೆ ಸಿಕ್ಕಿದ್ದು ಅವನಪ್ಪ ಕುರಿಹಟ್ಟಿಯಿಂದ ಹೊದ್ದು ಬಂದಿದ್ದ ಕಂಬಳಿ, ಇಬ್ಬನಿಗೆ ನೆನೆದು ಭಾರವಾಗಿತ್ತು. ಪಡಸಾಲೆಯ ಎರಡು ಕಂಬಗಳಿಗೆ ಹಗ್ಗ ಬಿಗಿದು ನಾನೇ ಕಟ್ಟಿದೆ. ಕೆಂಚಮ್ಮ ಬೇಡವೆನ್ನಲಿಲ್ಲ. ಆದರೆ ಒಂದು ಮಾತು ಹೇಳಿದರು.

"ಕಟ್ಕಳ್ರಿ ಮೇಷ್ಟ್ರೇ. ನಮ್ಮನೇಲಿ ಕಂಬಳಿ ಮುಂದೆ ಸುಳ್ಳು ಆಡಂಗಿಲ್ಲ, ಅಷ್ಟು ತಿಳ್ಕಂಡಿರ್ರಿ. ಹೆಣ್ಣು ಕೊಡೋ ಮಾತೂ ಅದರ ಮೇಲೇ, ಜಗಳ ತೀರ್ಸೋದೂ ಅದರ ಮೇಲೇ."

ಅವರು ನನ್ನ ಬದಿಯಲ್ಲಿ ಕಂಬಕ್ಕೆ ಒರಗಿ ಅವರೆಕಾಯಿ ಸುಲಿಯುತ್ತ ಕೂತರು. ಆಚೆ ಬದಿಯಲ್ಲಿ ತಿಪ್ಪೇಶ. ಮೊದಲು ಬಂದದ್ದು ಒಣಕಲು ನಾದದ ಓಟ, ಕುದುರೆಯ ಹತ್ತಿರದ್ದು, ಪ್ರತಿ ಸ್ವರಕ್ಕೂ ಅಂಚಿತ್ತು. ಆಮೇಲೆ ಅದೇ ಸ್ವರಸಾಲು ದುಂಡಗೆ ಜಾರಿತು. ಹುರುಳಿ, ರಾಗಿ. ಮೊದಲನೆಯದು ಸ್ಪೇನ್, ಎರಡನೆಯದು ಬ್ರೆಜಿಲ್ ಎಂದೆ. ಹೌದು ಸರ್ ಅಂದ. ನಡುಬೆರಳಿಲ್ಲದೆ ಮೊದಲನೆಯದು ಸಾಧ್ಯವೇ ಇಲ್ಲ. ಬೆರಳು ಸರಿಹೋಯ್ತಾ ಎಂದು ಕೂಗಿ ಕೇಳಿದೆ. ಹೋಯ್ತು ಸರ್ ಅಂದ. ಕೆಂಚಮ್ಮ ಸುಲಿದ ಕಾಳಿನ ಮರಿಗೆಯನ್ನು ಅಲ್ಲೇ ಬಿಟ್ಟು ಕಂಬಳಿಯ ಅಂಚನ್ನು ಕಣ್ಣಿಗೊತ್ತಿಕೊಂಡರು. ಅವನ ನಡುಬೆರಳು ತಂತಿಯ ಮೇಲೆ ನೆಟ್ಟಗೆ ಓಡುತ್ತಿದ್ದದ್ದನ್ನು ನಾನು ಕಂಡೆ. ಅರಶಿನ ಹತ್ತಿದ ಬೆರಳು, ಮೊಂಡಾಗಿ ಕತ್ತರಿಸಿದ ಉಗುರು.

ನನಗೆ ನೆನಪಿರುವುದು ಇಷ್ಟು. ಆ ಬೇಸಿಗೆಗೆ ನನ್ನ ಅತಿಥಿ ಕೆಲಸ ಮುಗಿಯಿತು, ಊರು ಬಿಟ್ಟೆ. ತಿಪ್ಪೇಶ ಪಣಜಿಗೆ ಹೋಗಿ ಬಂದ. ಅಲ್ಲಿ ಬ್ರೆಜಿಲ್ ಶೈಲಿಯನ್ನೇ ನುಡಿಸಿದ, ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು ಎಂದು ಕೇಳಿದೆ. ರುಚಿ ಬದಲಾಗಿರಬೇಕು ಎಂದುಕೊಂಡೆ. ನಾನು ಮಾತ್ರ ಎಲ್ಲಿ ಪಾಠ ಮಾಡಿದರೂ ಈ ಕಥೆ ಹೇಳಿದೆ. ನಂಬದವನಿಗೂ ಒಮ್ಮೊಮ್ಮೆ ಕಣ್ಣಾರೆ ಕಂಡದ್ದನ್ನು ಒಪ್ಪಬೇಕಾಗುತ್ತದೆ ಎಂದು ಹೇಳಿ ಮುಗಿಸುತ್ತಿದ್ದೆ. ಉಗುರು ಹೋಗಿ ಮಾಂಸ ತಂತಿಗೆ ತಾಗಿದ್ದರಿಂದ ಮಿದುಳಿಗೆ ಹೊಸ ಸುದ್ದಿ ಹೋಗಿ ಗೆರೆ ಮತ್ತೆ ಮೂಡಿರಬೇಕು ಎಂಬ ವಿವರಣೆಯನ್ನೂ ಸೇರಿಸಿದ್ದೆ. ಹುಡುಗರು ಬಾಯಿ ಬಿಟ್ಟು ಕೇಳುತ್ತಿದ್ದರು.

ಈಗ ಹರಿಯಬ್ಬೆಯ ಅದೇ ಪಡಸಾಲೆ. ಗೋಡೆಗೆ ಹೊಸ ಬಣ್ಣ. ತಿಪ್ಪೇಶನ ಮೀಸೆಯಲ್ಲಿ ಒಂದೆರಡು ಬಿಳಿ ಕೂದಲು. ಮಳೆ ಹನಿಯುತ್ತಿದೆ. ಕುಂತ್ಕಳ್ರಿ ಎಂದು ಮಡಿಸಿದ ಕಂಬಳಿ ಹಾಸಿಕೊಟ್ಟ. ಏನಾದರೂ ನುಡಿಸು, ಓಡುವಂಥದ್ದು ಎಂದೆ. ಅವನು ಗಿಟಾರ್ ಎತ್ತಿಕೊಂಡು ನನ್ನ ಎದುರಿಗೇ ಕೂತು ಶುರು ಮಾಡಿದ.

ನಾನು ಮೊದಲು ಅವನ ಮುಖ ನೋಡಿದೆ. ಆಮೇಲೆ ಕೈ ನೋಡಿದೆ. ನಡುಬೆರಳು ಅಂಗೈಯೊಳಗೆ ಮಡಚಿಕೊಂಡಿತ್ತು. ಹೆಬ್ಬೆರಳೂ ತೋರುಬೆರಳೂ ಆ ಇಡೀ ಓಟವನ್ನು ತಮ್ಮಿಬ್ಬರಲ್ಲೇ ಹಂಚಿಕೊಂಡು, ಎಲ್ಲೋ ಒಂದೊಂದು ಕಡೆ ಉಂಗುರ ಬೆರಳನ್ನು ಕರೆದುಕೊಳ್ಳುತ್ತಿದ್ದವು. ವೇಗ ಕೊಂಚವೂ ಕಡಿಮೆಯಿರಲಿಲ್ಲ. ನಿಲ್ಲಿಸು ಎಂದೆ.

ಮತ್ತೆ ಬಂತಾ ಅದು, ಯಾವಾಗ ಬಂತು ಎಂದು ಕೇಳಿದೆ.

"ಮತ್ತೆ ಬರೋದೇನು ಸರ್? ಹೋಗೇ ಇಲ್ವಲ್ಲ."

ಆವತ್ತು ಹೋಗಿತ್ತು ಎಂದೆ. ನಾನು ಕಂಡಿದ್ದೇನೆ, ಇದೇ ಪಡಸಾಲೆಯಲ್ಲಿ, ತಂತಿಯ ಮೇಲೆ ಬೆರಳು ಓಡಿದ್ದನ್ನು. ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ಅಣಕಿಸುತ್ತಿದ್ದೇನೆ ಎಂದುಕೊಂಡನೋ ಏನೋ.

"ಎಲ್ಲಿಂದ ಕಂಡ್ರಿ ಸರ್? ಕಂಬಳಿ ಕಟ್ಟಿದ್ದು ನೀವೇ ಅಲ್ವಾ?"

ಎದುರಿಗಿದ್ದ ಎರಡು ಕಂಬಗಳನ್ನು ನೋಡಿದೆ. ನಾನು ಈಚೆ, ಅವನು ಆಚೆ, ನಡುವೆ ದಪ್ಪನೆಯ ಒದ್ದೆ ಕಂಬಳಿ. ನೋಡಬಾರದೆಂದೇ ಕಟ್ಟಿದ್ದು. ಆದರೂ ಅರಶಿನ ಹತ್ತಿದ ಆ ಬೆರಳು ಈ ಕ್ಷಣದಲ್ಲೂ ಕಣ್ಣ ಮುಂದೆ ಸ್ಪಷ್ಟವಾಗಿದೆ. ಅದನ್ನು ನಾನು ಎಲ್ಲಿಂದ ತಂದೆ? ಪ್ರತಿ ವರ್ಷ ಹೇಳಿ ಹೇಳಿ, ಹೇಳಿದ್ದಕ್ಕೆ ತಕ್ಕ ಚಿತ್ರವನ್ನು ನಾನೇ ಬರೆದುಕೊಂಡೆನೇ? ಹಾಗಾದರೆ ಆ ವರ್ಷದ್ದೆಂದು ನಾನು ಇಟ್ಟುಕೊಂಡಿರುವುದರಲ್ಲಿ ಕಂಡದ್ದೆಷ್ಟು? ಮೆಸ್ಸಿನ ಚಮಚ ನಿಜವೇ? ಬಸ್ಸಿನಲ್ಲಿ ಅವನು ಕೈ ಹಿಡಿದುಕೊಂಡು ಕೂತದ್ದು?

ಆ ಒಣಕಲು ನಾದದ ಬಗ್ಗೆ ಕೇಳಿದೆ. ತಿಪ್ಪೇಶ ಗಿಟಾರ್ ಎತ್ತಿಕೊಂಡ. ಹೆಬ್ಬೆರಳು, ತೋರುಬೆರಳು, ಗಿಟಾರಿನ ಬಾಯಿಯ ಮೇಲೆ ರಾಗಿ ಜಾರಿತು. ಕೈಯನ್ನು ಒಂದು ಗೇಣು ಕುದುರೆಯ ಕಡೆ ಸರಿಸಿ, ಅವೇ ಬೆರಳುಗಳಿಂದ, ಹೆಬ್ಬೆರಳಿನ ಉಗುರಿನ ತುದಿ ಕೊಟ್ಟು ನುಡಿಸಿದ. ಹುರುಳಿ ಬಿತ್ತು. ಹಿಂದೊಮ್ಮೆ ನಾದ ಕೇಳಿ ವೇಗ ಎಂದಿದ್ದ ನನ್ನ ಕಿವಿ, ಈ ಮನೆಯಲ್ಲಿ ನಾದ ಕೇಳಿ ಬೆರಳು ಎಂದಿತ್ತು.

ಹೋಯ್ತು ಸರ್ ಎಂದು ನೀನೇ ಹೇಳಿದೆಯಲ್ಲ ಎಂದೆ. ಅದೊಂದನ್ನಾದರೂ ಉಳಿಸಿಕೊಳ್ಳಬೇಕಿತ್ತು ನನಗೆ.

"ನಾನು ಅಂದೇ ಇಲ್ಲ. ನೀವು ಕೇಳಿದ್ರಿ, ನಾನು ಇನ್ನೊಂದ್ಸಲ ನುಡಿಸಿದೆ. ಕಂಬಳಿ ಮುಂದೆ ಹೆಂಗ್ ಅನ್ನಲಿ ಸರ್?" ಅವನು ಒಳಮನೆಯ ಕಡೆ ನೋಡಿ ದನಿ ತಗ್ಗಿಸಿದ. "ನಡುಬೆರಳು ಬಿಟ್ಟು ಓಡಿಸೋದನ್ನ ಬ್ರೆಜಿಲ್‌ನೋರ ಹೆಬ್ಬೆರಳು ನೋಡಿ ಕಲ್ತೆ. ಪಣಜಿಗೆ ಹೋಗ್ಬೋದು ಅಂತ ಧೈರ್ಯ ಬಂದಿತ್ತು. ಅದನ್ನೇ ನಿಮಗೆ ತೋರಿಸಾಣ ಅಂತ ಕರೆದಿದ್ದು. ಅಷ್ಟರಲ್ಲಿ ನೀವು ಗೆದ್ದೋರಂಗೆ ಕೂಗಿದ್ರಿ, ಅವ್ವ ಅಳಾಕೆ ಶುರು ಮಾಡಿದ್ಲು. ಆಮೇಲೆ ಯಾರಿಗೆ ಏನಂತ ಹೇಳೋದು?"

ಫ್ಲಮೆಂಕೊ ಬೇಕು ಅನ್ನಿಸುವುದಿಲ್ಲವೇ ಎಂದು ಕೇಳಿದೆ. ಅನ್ನಿಸ್ತೈತೆ ಎಂದಷ್ಟೇ ಹೇಳಿ ತಂತಿಗಳ ಮೇಲೆ ಅಂಗೈ ಇಟ್ಟು ಸದ್ದಡಗಿಸಿದ.

ಕೆಂಚಮ್ಮ ತಟ್ಟೆಗಳನ್ನು ಹಿಡಿದು ಬಂದರು. ಬೆನ್ನು ಬಾಗಿದೆ, ದನಿ ಅದೇ. ತಿಪ್ಪೇಶ ಗಿಟಾರನ್ನು ಗೋಡೆಗೆ ಒರಗಿಸಿ ಕೈ ತೊಳೆದು ನನ್ನ ಪಕ್ಕ ಅದೇ ಕಂಬಳಿಯ ಮೇಲೆ ಕೂತ. ಬಿಸಿ ಮುದ್ದೆ, ಹುರುಳಿ ಸಾರು. ಅವನು ಮುದ್ದೆ ಮುರಿದ.

"ಅವತ್ತಿಂದ ಒಂದಿನ ಚಮಚ ಮುಟ್ಟಿಲ್ಲ ಮೇಷ್ಟ್ರೇ. ಆ ಬೆರಳೂ ಮತ್ತೆ ಮುನಿಸ್ಕಂಡಿಲ್ಲ" ಅಂದರು ಕೆಂಚಮ್ಮ. "ನೀವೇ ನೋಡಿ ಹೇಳ್ರಿ. ನೆಟ್ಟಗೈತೋ ಇಲ್ವೋ?"

ತಿಪ್ಪೇಶ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವನ ಕೈ ಮಾತ್ರ ಒಂದು ಗಳಿಗೆ ಅಲ್ಲೇ ನಿಂತು, ಮತ್ತೆ ಮುಂದುವರಿಯಿತು. ನಾನು ಬಗ್ಗಿ ನೋಡಿದೆ. ತೋರುಬೆರಳಿನ ಪಕ್ಕದಲ್ಲಿ, ಮೊಂಡು ಉಗುರಿನ, ಸಾರು ಹತ್ತಿದ ನಡುಬೆರಳು ಮುದ್ದೆಯ ತುಂಡನ್ನು ಒತ್ತಿ ಉರುಳಿಸಿ ಗುಂಡಗೆ ಮಾಡುತ್ತಿತ್ತು.

"ನೆಟ್ಟಗೈತಮ್ಮ" ಅಂದೆ.

ಈ ಸಲ ನೋಡಿಯೇ ಹೇಳಿದ್ದು.